ಇಲ್ಲ ಅಂತ ಬರೆದುಕೊಡಿ

ಯಂತ್ರ ಮೂರನೆಯ ಸಲವೂ ಕೆಂಪು ದೀಪ ಹಾಕಿತು.

"ಒತ್ತಮ್ಮ, ಒತ್ತು. ಮುಟ್ಟಿಯೂ ಮುಟ್ಟದ ಹಾಗೆ ಇಟ್ರೆ ಹೇಗೆ ಬರತ್ತೆ?" ಎಂದ ಗುಮಾಸ್ತ.

ಸಾಣಕ್ಕ ಒತ್ತಿದಳು. ಉಗುರಿನ ಬುಡ ಬೆಳ್ಳಗಾಗುವಷ್ಟು ಒತ್ತಿದಳು. ಮತ್ತೆ ಕೆಂಪು. ಅವಳಿಗಿಂತ ಮುಂದೆ ನಿಂತಿದ್ದವನ ಬೆರಳನ್ನು ಗುಮಾಸ್ತ ತಾನೇ ಹಿಡಿದು ಗಾಜಿನ ಮೇಲೆ ಸರಿಯಾಗಿ ಇಟ್ಟಿದ್ದ. ಇವಳಿಗೆ ಪೆನ್ನಿನ ತುದಿಯಿಂದ ತೋರಿಸಿದ. ಇಲ್ಲಿ, ಸ್ವಲ್ಪ ಮೇಲೆ, ಇನ್ನೂ ಮೇಲೆ. ಅರ್ಜಿಯಲ್ಲಿ ಅವಳ ಕೇರಿಯ ಹೆಸರು ಓದಿದ ಮೇಲೆ ಅವನ ಕೈ ಮೇಜಿನಿಂದ ಈಚೆಗೆ ಬರಲೇ ಇಲ್ಲ.

"ನಿನ್ನ ಬೆರಳಲ್ಲಿ ಗೆರೆನೇ ಇಲ್ವಲ್ಲಮ್ಮ. ಏನು ಮಾಡ್ಕೊಂಡೆ?"

"ಕೆಲಸ ಮಾಡ್ಕೊಂಡೆ" ಎಂದಳು ಸಾಣಕ್ಕ.

ಹಿಂದೆ ನಿಂತಿದ್ದ ನಾದಿನಿ ಫಕ್ಕನೆ ನಕ್ಕಳು. ಗುಮಾಸ್ತ ನಗಲಿಲ್ಲ. ಮುಂದಿನವನನ್ನು ಕರೆಯುವ ಮೊದಲು ಖಾನೆಯಿಂದ ಬಟ್ಟೆ ತೆಗೆದು ಯಂತ್ರದ ಗಾಜನ್ನು ಒರೆಸಿದ. ಎರಡು ಸಲ ಒರೆಸಿದ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಕಾಗದದಲ್ಲಿ ಮಾತ್ರ ಉಳಿದಿತ್ತು. ಮೂವತ್ತು ವರ್ಷ ಸಾಣೆಯ ಮುಂದೆ ಕೂತವಳನ್ನು ಕೇರಿಯೆಲ್ಲ ಸಾಣಕ್ಕ ಎಂದೇ ಕರೆಯುತ್ತಿತ್ತು. ಕ್ವಾರಿಯಿಂದ ಚೀಲಗಳಲ್ಲಿ ಕಲ್ಲು ಬರುತ್ತಿತ್ತು. ನೇರಳೆ, ಹಸಿರು, ಜೇನಿನ ಬಣ್ಣದ್ದು, ರಕ್ತದಂಥದ್ದು. ಒಡೆಯಬೇಕು, ಆರಿಸಬೇಕು, ಉಜ್ಜಬೇಕು, ತೂತು ಕೊರೆಯಬೇಕು, ಹೊಳಪು ಕೊಡಬೇಕು, ಪೋಣಿಸಬೇಕು. ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಸಾಣೆ. ಕಿಟಕಿಯ ಬೆಳಕು ಬೀಳುವಲ್ಲಿ ನಾದಿನಿಯ ತಂತಿ, ಇಕ್ಕಳ, ದಾರ.

ದೊಡ್ಡ ಕಲ್ಲನ್ನು ಅರಗಿನಿಂದ ಕೋಲಿನ ತುದಿಗೆ ಅಂಟಿಸಿ ಹಿಡಿಯಬಹುದು. ಬಟಾಣಿ ಕಾಳಿನಷ್ಟು ಮಣಿಗೆ ಅದಾಗದು. ಹೆಬ್ಬೆರಳು, ಎರಡು ಬೆರಳು, ನಡುವೆ ಮಣಿ, ಎದುರಿಗೆ ಕಾಲಿನಿಂದ ತುಳಿದು ತಿರುಗಿಸುವ ಚಕ್ರ. ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಕಲ್ಲು ಎಲ್ಲಿಗೆ ಮುಗಿಯಿತು, ಬೆರಳು ಎಲ್ಲಿಂದ ಶುರುವಾಯಿತು ಎಂದು ಚಕ್ರಕ್ಕೆ ಗೊತ್ತಾಗುವುದಿಲ್ಲ. ಮೊದಲ ವರ್ಷಗಳಲ್ಲಿ ರಕ್ತ ಬರುತ್ತದೆ. ಅನ್ನ ಕಲೆಸಿದರೆ ಉರಿಯುತ್ತದೆ. ಆಮೇಲೆ ಉರಿಯೂ ನಿಲ್ಲುತ್ತದೆ. ಒಂದು ಸರಕ್ಕೆ ತೊಂಬತ್ತು ಮಣಿ.

ಗಂಡ ಕಲ್ಲು ಒಡೆಯುತ್ತಿದ್ದ. ಆ ಧೂಳು ಅವನ ಎದೆಯಲ್ಲಿ ಕೂತು, ಎಂಟು ವರ್ಷದ ಹಿಂದೆ ಅವನನ್ನು ತೆಗೆದುಕೊಂಡು ಹೋಯಿತು. ಅವನ ತಂಗಿ ಅದಕ್ಕೂ ಮೊದಲೇ ಗಂಡನ ಮನೆ ಬಿಟ್ಟು ಒಂದು ಪೆಟ್ಟಿಗೆ ಹಿಡಿದು ಬಂದವಳು. ಕಲ್ಲು ಒಡೆಯುವ ಅಂಗಳದಲ್ಲಿ ಒಮ್ಮೆ ಗೋಡೆ ಮೈಮೇಲೆ ಬಿದ್ದು, ಅಂದಿನಿಂದ ಎಡಗಾಲು ಎಳೆದುಕೊಂಡೇ ನಡೆಯುತ್ತಿದ್ದಳು. "ಕಾಲು ಒಂದೇ ಆದ್ರೇನು, ನಾಲಗೆ ನಾಲ್ಕು ಕಾಲಲ್ಲಿ ಓಡ್ತದೆ" ಎಂದು ಸಾಣಕ್ಕ ಅವಳನ್ನು ಆಡಿಕೊಳ್ಳುತ್ತಿದ್ದಳು. ನಾದಿನಿ ನಾಲ್ಕನೇ ಕ್ಲಾಸು ಓದಿದವಳು. ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ.

ಊರಿನ ಕೈಕೆಲಸದ ಬಜಾರಿನಲ್ಲಿ ಇಬ್ಬರಿಗೂ ಸೇರಿ ಒಂದು ಮೇಜಿತ್ತು. ಕಕ್ಕಸಿನ ಪಕ್ಕದ ಮೂಲೆ. ಬೇರೆ ಯಾರೂ ಬೇಡವೆಂದ ಜಾಗ. ಅಲ್ಲೇ ಒಂಬತ್ತು ವರ್ಷ ಕೂತು, ಮೂಗು ಮುಚ್ಚಿಕೊಂಡಾದರೂ ಗಿರಾಕಿಗಳು ಹುಡುಕಿಕೊಂಡು ಬರುವ ಹಾಗೆ ಮಾಡಿಕೊಂಡಿದ್ದರು. ಈ ವರ್ಷ ಹೊಸ ನಿಯಮ ಬಂತು. ಕಾರ್ಖಾನೆಯ ಮಾಲನ್ನು ಕೈಕೆಲಸವೆಂದು ಮಾರುವವರು ಹೆಚ್ಚಾಗಿದ್ದಾರೆ, ಇನ್ನು ಮುಂದೆ ಕುಶಲಕರ್ಮಿ ಕಾರ್ಡು ಇದ್ದವರಿಗೆ ಮಾತ್ರ ಮೇಜು. ನಾದಿನಿ ನೋಟೀಸು ಓದಿ ಖುಷಿಪಟ್ಟಿದ್ದಳು. ನಮಗಾಗಿಯೇ ಮಾಡಿದ್ದಾರೆ ಅತ್ತಿಗೆ ಎಂದಿದ್ದಳು. ಕಾರ್ಡಿಗೆ ಹೆಬ್ಬೆರಳೂ ಸೇರಿ ಬಲಗೈಯ ನಾಲ್ಕು ಬೆರಳ ಗುರುತು ಬೇಕು ಎಂಬ ಸಾಲು ನೋಟೀಸಿನ ಕೊನೆಯಲ್ಲಿತ್ತು.

ಆ ದಿನ ನಾದಿನಿಯ ಬೆರಳೂ ಆಗಲಿಲ್ಲ. ತಂತಿ ಎಳೆದು, ಮಣಿಗೆ ಹೊಳಪು ತಿಕ್ಕಿ ಸವೆದಿದ್ದವು, ನಾಲ್ಕೂ ಕೆಂಪು.

"ಹದಿನೈದು ದಿನ ಕೆಲಸ ಬಿಡಿ. ಕೈಗೆ ಎಣ್ಣೆ ಹಚ್ಚಿ. ಗೆರೆ ತಾನಾಗೇ ಬರತ್ತೆ" ಎಂದು ಗುಮಾಸ್ತ ಮದ್ದು ಹೇಳಿದ.

"ಕೆಲಸದವರು ಅಂತ ಕಾರ್ಡು ಬೇಕಂದ್ರೆ ಕೆಲಸ ಬಿಡ್ಬೇಕಾ ಸಾರ್?" ನಾದಿನಿ ಕೇಳಿದಳು.

"ವಾದ ಮಾಡ್ಬೇಡ. ಮುಂದಿನವರು ಬನ್ನಿ."

ಇಬ್ಬರೂ ಕೈಕಟ್ಟಿ ಕೂತರೆ ಒಲೆ ಉರಿಯುವುದಿಲ್ಲ. ಸಾಣಕ್ಕ ಕೂತಳು, ನಾದಿನಿ ದುಡಿದಳು. ಮೂವತ್ತು ವರ್ಷದಲ್ಲಿ ಸಾಣಕ್ಕ ಹೀಗೆ ಕೂತದ್ದಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟರೆ ಯಾರದೋ ಕೈ ಅನ್ನಿಸುತ್ತಿತ್ತು. ಪಾತ್ರೆ ತೊಳೆಯಲೂ ನಾದಿನಿ ಬಿಡಲಿಲ್ಲ. "ಸೋಪು ಮುಟ್ಬೇಡ, ಗೆರೆ ಹೋಗ್ತದೆ" ಎಂದು ಬೈಯುತ್ತಿದ್ದಳು. ಅವಳಿಗೆ ಸಾಣೆಯ ಅಭ್ಯಾಸ ಕಡಿಮೆ. ಒಂಬತ್ತನೇ ದಿನ ಚಕ್ರಕ್ಕೆ ಸಿಕ್ಕಿ ತೋರುಬೆರಳು ಬಾಯಿಬಿಟ್ಟಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು. ಸಾಣಕ್ಕ ಎಣ್ಣೆ ಹಚ್ಚಿದ ಕೈ ಮುಂದೆ ಚಾಚಿಕೊಂಡು ಅದನ್ನು ನೋಡುತ್ತ ಕೂತಿದ್ದಳು.

ಹನ್ನೆರಡನೇ ದಿನ ಕಿಟಕಿಯ ಬೆಳಕಿಗೆ ಹೆಬ್ಬೆರಳು ಹಿಡಿದಳು. ತುದಿಯಲ್ಲಿ ತೀರ ಸಣ್ಣ ಗೆರೆಗಳು. ಒಂದರ ಸುತ್ತ ಒಂದು. ತನ್ನ ಬೆರಳು ಹೀಗಿತ್ತೆಂಬುದೇ ಅವಳಿಗೆ ಮರೆತುಹೋಗಿತ್ತು.

"ಏ ಹುಡುಗಿ, ಬಾ ಇಲ್ಲಿ. ನೋಡೇ, ಬಂದಿದೆ."

ನಲವತ್ತು ದಾಟಿದ ಹುಡುಗಿ ಕಾಲೆಳೆಯುತ್ತ ಬಂದು ಬಗ್ಗಿ ನೋಡಿದಳು. "ಅಯ್ಯೋ, ದೊಡ್ಡ ಮನೆ ಯಜಮಾನಿ ಕೈ ಆಗೋಯ್ತಲ್ಲ ಅತ್ತಿಗೆ. ಇನ್ನು ನೀನು ಮಾಲೆ ಮಾಡೋ ಹಾಗಿಲ್ಲ, ಹಾಕ್ಕೊಳ್ಳೋದೇ."

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಹದಿನಾರನೇ ದಿನ ಹೋದರೆ ಯಂತ್ರದ ಗುಮಾಸ್ತ ರಜೆ. ಹದಿನೇಳಕ್ಕೆ ಕರೆಂಟಿಲ್ಲ. ಹದಿನೆಂಟನೇ ದಿನ ಬೆರಳಿಟ್ಟಾಗ ಹೆಬ್ಬೆರಳಿಗೆ ಹಸಿರು ದೀಪ ಬಂತು. ಕಿರುಬೆರಳಿಗೂ ಹಸಿರು. ಉಳಿದ ಎರಡಕ್ಕೆ ಕೆಂಪು.

"ನಾಲ್ಕೂ ಬೇಕಮ್ಮ."

"ಎರಡು ಬಂತಲ್ಲ ಸಾರ್."

"ಅರ್ಧ ಮನುಷ್ಯರಿಗೆ ಕಾರ್ಡು ಕೊಡಕ್ಕಾಗತ್ತಾ?"

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತನಿಗೆ ತನ್ನ ಮಾತು ತನಗೇ ಮೆಚ್ಚುಗೆಯಾಯಿತು. ಅದೇ ಹುಮ್ಮಸ್ಸಿನಲ್ಲಿ ಒಂದು ಉಪಕಾರವನ್ನೂ ಮಾಡಿದ. "ಯಾರಾದ್ರೂ ಗೆರೆ ಇರೋರ ಹೆಸರಲ್ಲಿ ಕಾರ್ಡು ಮಾಡಿಸಿ. ನೀವು ಅವರ ಕೈಕೆಳಗೆ ಕೆಲಸ ಮಾಡಿ. ಯಾರು ಬೇಡ ಅಂತಾರೆ?"

ಗೆರೆ ಇರುವವನು ಮಾರನೆಯ ದಿನವೇ ಬಂದ. ಅವನು ಬರುವ ಮೊದಲೇ ಅವನ ಸೆಂಟು ಬಾಗಿಲು ತಟ್ಟುತ್ತಿತ್ತು. ಕೇರಿಯವರು ಅವನಿಗೆ ಸೆಂಟಣ್ಣ ಎಂದು ಹೆಸರಿಟ್ಟಿದ್ದರು. ಪೇಟೆಯಲ್ಲಿ ಅಂಗಡಿ. ಇವರ ಹತ್ತಿರ ಮಾಲೆ ಕೊಂಡು ಅಲ್ಲಿ ಮಾರುವವನು. ಹನ್ನೊಂದು ವರ್ಷದಿಂದ ಹೊಸ್ತಿಲಾಚೆ ನಿಂತೇ ವ್ಯಾಪಾರ. ಒಂದು ಲೋಟ ನೀರು ಕುಡಿದವನಲ್ಲ.

"ನನ್ನದು ಒಂದೇ ಏಟಿಗೆ ಬಂತು ಅಕ್ಕ. ನಾಲ್ಕಕ್ಕೆ ನಾಲ್ಕೂ ಹಸಿರು" ಎಂದು ಅಂಗೈ ಬಿಚ್ಚಿ ತೋರಿಸಿದ. ಮೆತ್ತನೆಯ ಕೈ. ಉತ್ತ ಹೊಲದ ಹಾಗೆ ಗೆರೆಗಳು. "ಕಾರ್ಡು ಬಂದಿದೆ. ಮೇಜೂ ಕೊಟ್ಟಿದಾರೆ, ಮುಂಬಾಗಿಲ ಎದುರಿಗೇ. ನೀವಿಬ್ರೂ ಬಂದು ಕೂತ್ಕೊಳ್ಳಿ. ಸಾಣೆನೂ ತನ್ನಿ. ಗಿರಾಕಿಗಳಿಗೆ ಮಾಡೋದನ್ನ ನೋಡೋ ಆಸೆ ಇರತ್ತೆ. ನಿಮ್ಮ ಮಾಲೆ ನನ್ನ ಮೇಜು. ನಿಮಗೂ ಹೊಟ್ಟೆಪಾಡು, ನನಗೂ ಒಂದು ಪುಣ್ಯ."

ಅವನು ಹೋದ ಮೇಲೆ ನಾದಿನಿ ಇಕ್ಕಳವನ್ನು ಗೋಡೆಗೆ ಎಸೆದಳು. "ಕಲ್ಲು ಅರೆಯೋರು ನಾವು, ಕಾರ್ಡು ಅವನಿಗೆ! ಬೇಡ ಅನ್ನು ಅತ್ತಿಗೆ."

"ಬೇಡ ಅನ್ನೋಕೂ ತ್ರಾಣ ಬೇಕು ಕಣೇ. ನಂಗಿಲ್ಲ."

ಸಾಣಕ್ಕ ಎದ್ದು ಹೋಗಿ ಸಾಣೆಯ ಮುಂದೆ ಕೂತಳು. ಹದಿನೆಂಟು ದಿನದಲ್ಲಿ ಬಂದ ಗೆರೆ ಆ ಒಂದೇ ದಿನಕ್ಕೆ ಹೋಯಿತು.

ಬಜಾರಿನ ದಿನ ಸೆಂಟಣ್ಣನ ಮೇಜಿನ ಮೇಲೆ ದೊಡ್ಡ ಬೋರ್ಡು ತೂಗುತ್ತಿತ್ತು. ಮೇಲೆ ಅವನ ಹೆಸರು, ಕೆಳಗೆ ಕುಶಲಕರ್ಮಿ ಎಂಬ ಅಕ್ಷರ. ಬೆಳಗಿನ ಗಾಡಿಯಲ್ಲಿ ಸಾಣೆಯನ್ನು ತರಿಸಿದ್ದ. ಮೇಜಿನ ಮುಂದೆ ನೆಲದ ಮೇಲೆ ಒಂದು ಮಣೆ. ಅಲ್ಲಿ ಸಾಣಕ್ಕ. ಮೇಲೆ ಕುರ್ಚಿಯಲ್ಲಿ ಅವನು. ನಾದಿನಿಗೆ ಮೇಜಿನ ಹಿಂದೆ ನಿಂತು ಮಾಲೆ ಎತ್ತಿಕೊಡುವ ಕೆಲಸ. "ಗಿರಾಕಿ ಏನು ಕೇಳಿದ್ರೂ ನನ್ನ ಕಡೆ ತೋರಿಸಿ. ನೀವು ಮಾತಾಡೋದು ಬೇಡ" ಎಂದು ಮೊದಲೇ ಹೇಳಿದ್ದ.

ಜನ ಬಂದರು. ನಿಂತು ನೋಡಿದರು. ಚಕ್ರದ ನೀರು ಚಪ್ಪಲಿಗೆ ಸಿಡಿದರೆ ಹಿಂದೆ ಸರಿದರು. ಸಾಣಕ್ಕನಿಗೆ ಅವರ ಮುಖ ಕಾಣುತ್ತಿರಲಿಲ್ಲ, ಮೊಣಕಾಲು ಕಾಣುತ್ತಿತ್ತು. ಮೇಲಿಂದ ಸೆಂಟಣ್ಣನ ಮಾತು ಕೇಳುತ್ತಿತ್ತು. ಮೂರು ತಲೆಮಾರಿನ ಕಸುಬು. ಕಲ್ಲು ನೋಡಿದ ಕೂಡಲೇ ಅದರೊಳಗಿನ ಮಣಿ ಕಾಣಿಸತ್ತೆ ನಮಗೆ. ನಮ್ಮ ತಾತ ಹೇಳೋರು, ಕಲ್ಲಿಗೂ ಜೀವ ಇದೆ ಅಂತ. ಅವನ ತಾತ ಸೀಮೆಎಣ್ಣೆ ಮಾರುತ್ತಿದ್ದದ್ದು ಕೇರಿಗೆಲ್ಲ ಗೊತ್ತಿತ್ತು.

ಮಧ್ಯಾಹ್ನಕ್ಕೆ ಮುಂಚೆ ಬಜಾರಿನ ಸಮಿತಿಯಿಂದ ಒಬ್ಬಳು ಕ್ಯಾಮೆರಾ ಹಿಡಿದು ಬಂದಳು. ಪುಸ್ತಕ ಮಾಡುತ್ತಿದ್ದಾರಂತೆ, ಅದಕ್ಕೆ ಕುಶಲಕರ್ಮಿಗಳ ಕೈಗಳ ಫೋಟೋ ಬೇಕಂತೆ. ಸೆಂಟಣ್ಣ ಕುರ್ಚಿಯಿಂದ ಇಳಿದು ಬಂದ. ಎರಡೂ ಅಂಗೈ ಚಾಚಿದ. ಫೋಟೋದವಳು ಹಸಿರು ಮಾಲೆಯೊಂದನ್ನು ಆರಿಸಿ ಅವನ ಕೈಯಲ್ಲಿ ಸುರುಳಿ ಸುತ್ತಿ ಇಟ್ಟಳು. ಹಿಂದೆ ಸಾಣೆ ತಿರುಗುತ್ತಿರಲಿ, ಚೆನ್ನಾಗಿರತ್ತೆ ಎಂದಳು. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ತಲೆ ಎತ್ತಿದಳು.

"ಅಮ್ಮ, ನಿಮ್ಮ ಕೈ ಸ್ವಲ್ಪ ಪಕ್ಕಕ್ಕೆ ತಗೋತೀರಾ? ಫೋಟೋದಲ್ಲಿ ಬರತ್ತೆ."

ಸಾಣಕ್ಕ ಕೈ ತೆಗೆದಳು. ಕಾಲಿನಿಂದ ಚಕ್ರವನ್ನೂ ನಿಲ್ಲಿಸಿದಳು. ಅದು ಗರಗರ ಎನ್ನುತ್ತ ನಿಧಾನವಾಗಿ ನಿಂತಿತು. ಅವಳು ನೆಲಕ್ಕೆ ಕೈಯೂರಿ ಎದ್ದಳು. ಮಂಡಿ ಲಟಕ್ಕೆಂದಿತು.

"ಕೂತ್ಕೋ" ಎಂದಳು ಸೆಂಟಣ್ಣನಿಗೆ.

"ಏನು?"

"ಇಲ್ಲಿ ಬಾ. ಈ ಮಣೆ ಮೇಲೆ ಕೂತ್ಕೋ. ಒಂದು ಮಣಿ ಮಾಡು. ಒಂದೇ ಒಂದು."

ಹನ್ನೊಂದು ವರ್ಷ ಅವನನ್ನು ನೀವು ಎಂದೇ ಕರೆದಿದ್ದಳು. ಈಗ ನೀನು ಎಂಬುದು ತಾನಾಗಿ ಬಂತು. ಬಂದದ್ದಕ್ಕೆ ಅವಳಿಗೇನೂ ಅನ್ನಿಸಲಿಲ್ಲ. ತುಂಬ ಸುಸ್ತಾಗಿತ್ತು.

ಸೆಂಟಣ್ಣ ಫೋಟೋದವಳ ಕಡೆ ನೋಡಿ ನಕ್ಕ. "ಬಿಸಿಲಿಗೆ ತಲೆ ಕೆಟ್ಟಿದೆ ಮೇಡಂ."

ಸಾಣಕ್ಕ ತಟ್ಟೆಯಿಂದ ಅರೆಯದ ಹಸಿರು ಚೂರೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನ ಕೈ ಹಾವು ಮುಟ್ಟಿದಂತೆ ಹಿಂದಕ್ಕೆ ಹೋಯಿತು. ಕಲ್ಲು ಕೆಳಗೆ ಬಿತ್ತು. "ಹಿಡ್ಕೋ. ಚಕ್ರಕ್ಕೆ ಒತ್ತು. ಬೆರಳು ಸವೆದು ಹೋಗೋ ತನಕ ಒತ್ತು. ಆಮೇಲೆ ಫೋಟೋ ತೆಗೆಸ್ಕೋ."

ಜನ ಸೇರಿದರು. ಸೆಂಟಣ್ಣನ ಮುಖ ಕೆಂಪಾಯಿತು. ತಗ್ಗಿದ ದನಿಯಲ್ಲಿ, "ಈಗ ಎದ್ದು ಹೋದ್ರೆ ಮತ್ತೆ ಈ ಗೇಟಿನೊಳಗೆ ಕಾಲಿಡಲ್ಲ ನೀನು" ಎಂದ.

"ಕಾಲಿಟ್ಟಿದ್ದು ಯಾವಾಗ? ಕುಂಡೆ ಊರಿ ಕೂತಿದ್ದೆ ಅಷ್ಟೆ."

ನಾದಿನಿ ಆಗಲೇ ಮಾಲೆಗಳನ್ನು ಕೊಕ್ಕೆಯಿಂದ ಇಳಿಸಿ ಡಬ್ಬಿಗೆ ತುಂಬುತ್ತಿದ್ದಳು. ಸೆಂಟಣ್ಣ ತಡೆಯಲು ಕೈ ಎತ್ತಿದ. ಅವಳು ಇಕ್ಕಳ ಎತ್ತಿದಳು. ಅವನು ಕೈ ಇಳಿಸಿದ. ಫೋಟೋದವಳು ಬುಟ್ಟಿ ಹೆಣೆಯುವವನ ಮೇಜಿನ ಕಡೆ ಹೋದಳು.

ವಾಪಸು ಹೋಗಲು ಗಾಡಿ ಇರಲಿಲ್ಲ. ಕಲ್ಲಿನ ಚಕ್ರವನ್ನು ಸಾಣಕ್ಕ ತಲೆಯ ಮೇಲೆ ಹೊತ್ತಳು. ಮರದ ಚೌಕಟ್ಟು, ಡಬ್ಬಿ ನಾದಿನಿಗೆ. ನಾಲ್ಕು ಕಡೆ ಇಳಿಸಿ ಕೂತರು. ಕುತ್ತಿಗೆಯ ನರ ಸೆಟೆದುಕೊಂಡು ಸಾಣಕ್ಕನಿಗೆ ತಲೆ ತಿರುಗಿಸಲು ಆಗುತ್ತಿರಲಿಲ್ಲ.

"ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಂಡ್ವಿ ಅತ್ತಿಗೆ" ಎಂದಳು ನಾದಿನಿ, ಮೂರನೇ ಕಡೆ ಕೂತಾಗ.

"ಹೂಂ."

"ಏಟು ಮಾತ್ರ ಚೆನ್ನಾಗಿತ್ತು."

ಸಾಣಕ್ಕನಿಗೆ ಗೆದ್ದ ಹಾಗೆ ಅನ್ನಿಸಿರಲಿಲ್ಲ. ಮಲಗಬೇಕು ಅನ್ನಿಸಿತ್ತು. ಮನೆಗೆ ಬಂದು ಚಕ್ರವನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೆ ಆಫೀಸಿಗೆ ಹೋಗೋಣ" ಎಂದಳು.

ಮರುದಿನ ಯಂತ್ರದ ಮೇಜಿನ ಮುಂದೆ ನಿಂತಾಗ ಗುಮಾಸ್ತ ಹಣೆ ಚಚ್ಚಿಕೊಂಡ. "ಮತ್ತೆ ಬಂದ್ಯಾ? ನಿಂಗೆ ಕಾರ್ಡು ಬರಲ್ಲ ಅಂತ ಹೇಳಿಲ್ವಾ?"

"ಕಾರ್ಡು ಕೇಳಕ್ಕೆ ಬಂದಿಲ್ಲ ಸಾರ್. ಇಲ್ಲ ಅಂತ ಬರೆದುಕೊಡಿ."

"ಏನು ಇಲ್ಲ?"

"ಇವಳು ಮೂವತ್ತು ವರ್ಷ ಸಾಣೆ ಹಿಡಿದು ಬೆರಳಿನ ಗೆರೆ ಸವೆಸಿಕೊಂಡಿದಾಳೆ. ಬೆರಳಲ್ಲಿ ಗೆರೆ ಇಲ್ಲ. ಅದಕ್ಕೇ ಇವಳಿಗೆ ಕೈಕೆಲಸದ ಕಾರ್ಡು ಇಲ್ಲ. ಇಷ್ಟು ಬರೆದು ಸೀಲು ಹಾಕಿ" ಎಂದು ಸಾಣಕ್ಕ ತನ್ನ ಬಗ್ಗೆ ತಾನೇ ಸಾಲು ಹೇಳಿಕೊಟ್ಟಳು.

"ಹಾಗೆಲ್ಲ ಬರೆದುಕೊಡೋ ಪದ್ಧತಿ ಇಲ್ಲಮ್ಮ."

"ಬಾಯಲ್ಲಿ ಹೇಳೋ ಪದ್ಧತಿ ಇದೆಯಲ್ಲ. ಅದನ್ನೇ ಬರೀರಿ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ? ನಿಂಗೇ ಕಾಣ್ತಿದೆಯಲ್ಲ, ಇಲ್ಲ ಅಂತ."

"ನಂಗೆ ಕಾಣತ್ತೆ ಸಾರ್. ನಿಮ್ಮ ಮೇಲಿನೋರಿಗೆ ಕಾಣಬೇಕಲ್ಲ, ಅವರಿಗೆ ಕನ್ನಡಿ."

ಗುಮಾಸ್ತ ಮುಂದಿನವರನ್ನು ಕರೆದ. ಮುಂದಿನವರಿಗೆ ಬರಲು ಆಗಲಿಲ್ಲ. ಸಾಣಕ್ಕ ಯಂತ್ರದ ಮುಂದೆಯೇ ನೆಲದ ಮೇಲೆ ಕೂತುಬಿಟ್ಟಿದ್ದಳು. ಕಾಲು ಚಾಚಿ ಆರಾಮಾಗಿ ಕೂತಳು. ಬಾಗಿಲಿನ ಕಾವಲುಗಾರ ಬಂದ. ಏಳು ಎಂದ. ಏಳಲಿಲ್ಲ. ಎಬ್ಬಿಸು ಎಂದು ಗುಮಾಸ್ತ ಕೂಗಿದ. ಎಬ್ಬಿಸಲು ರಟ್ಟೆ ಹಿಡಿಯಬೇಕು. ಕಾವಲುಗಾರ ಗುಮಾಸ್ತನ ಮುಖ ನೋಡಿದ, ಗುಮಾಸ್ತ ಕಾವಲುಗಾರನ ಮುಖ ನೋಡಿದ. ಅವಳನ್ನು ಮುಟ್ಟುವವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಇಷ್ಟು ದಿನ ಅವಳನ್ನು ಹೊರಗಿಟ್ಟದ್ದು ಈಗ ಅವಳನ್ನು ಒಳಗೆ ಕೂರಿಸಿತ್ತು.

"ಮುಟ್ಟಿ ಸಾರ್" ಎಂದಳು ನಾದಿನಿ. "ಕಚ್ಚಲ್ಲ."

ಸಾಲಿನಲ್ಲಿ ಈ ಸಲ ಬೇರೆ ಥರದ ನಗು ಎದ್ದಿತು. ರೇಷನ್ ಕಾರ್ಡಿಗೂ ಅದೇ ಯಂತ್ರ, ಅದೇ ಸಾಲು. ಹೋಟೆಲಿನಲ್ಲಿ ಪಾತ್ರೆ ತಿಕ್ಕುವವಳೊಬ್ಬಳು ಸಾಲು ಬಿಟ್ಟು ಮುಂದೆ ಬಂದಳು. ಸೋಪಿನ ನೀರಿಗೆ ಬೆರಳೆಲ್ಲ ಬೆಂದು ಬಿಳಿಚಿಕೊಂಡಿದ್ದವು. "ನಂದೂ ಆರು ಸಲ ಬಂದಿಲ್ಲ" ಎಂದು ಸಾಣಕ್ಕನ ಪಕ್ಕ ಕೂತಳು. ಸುಣ್ಣದ ಗೂಡಿನವನೊಬ್ಬ ಕೂತ. ಅವನ ಹಿಂದೆ ಇಟ್ಟಿಗೆ ಹೊರುವ ಗಂಡ ಹೆಂಡತಿ.

ಊಟದ ಹೊತ್ತಿಗೆ ಒಳಗಿನ ಕೋಣೆಯಿಂದ ಸಾಹೇಬರು ಹೊರಗೆ ಬಂದರು. ನೆಲದ ಮೇಲೆ ಕೂತವರನ್ನು ದಾಟಿಕೊಂಡೇ ಊಟಕ್ಕೆ ಹೋಗಬೇಕಿತ್ತು. ಗುಮಾಸ್ತನಿಂದ ವಿಷಯ ಕೇಳಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಹೀಗೆ ಬರೆದುಕೊಟ್ರೆ ನಾಳೆ ಮೇಲಿನವರು ನನ್ನನ್ನ ಕೇಳ್ತಾರಮ್ಮ."

"ಕೇಳ್ಲಿ ಅಂತಲೇ ಸಾರ್."

ಸಾಹೇಬರು ಗಡಿಯಾರ ನೋಡಿದರು, ಸಾಲು ನೋಡಿದರು. ನಿಂತುಕೊಂಡೇ ನಾಲ್ಕು ಸಾಲು ಬರೆದರು. ನಾದಿನಿ ಕಾಗದವನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದಳು. 'ಕೆಲಸದಿಂದ ಸವೆದಿದೆ' ಅನ್ನೋ ಮಾತು ಬಿಟ್ಟುಹೋಗಿದೆ ಸಾರ್ ಎಂದಳು. ಅದನ್ನೂ ಮೇಲೆ ಸೇರಿಸಿದರು. ಸೀಲು ಬಿತ್ತು. ಆಮೇಲೆ ಗುಮಾಸ್ತ ಅಭ್ಯಾಸಬಲದಿಂದ ಶಾಯಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದ. "ಪಡೆದುಕೊಂಡಿದ್ದಕ್ಕೆ ಇಲ್ಲಿ ಹೆಬ್ಬೆಟ್ಟು ಒತ್ತು."

ಸಾಣಕ್ಕ ಒತ್ತಿದಳು. ಕಾಗದದ ಮೇಲೆ ಗುಂಡಗೆ, ಕಪ್ಪಗೆ, ಒಂದೂ ಗೆರೆಯಿಲ್ಲದ ಮಚ್ಚೆ ಮೂಡಿತು. ಗುಮಾಸ್ತ ಅದನ್ನೇ ನೋಡುತ್ತಿದ್ದ. ಸಾಹೇಬರು ಊಟಕ್ಕೆ ಹೋದರು.

ಹೊರಗೆ ಮೆಟ್ಟಿಲ ಮೇಲೆ ನಾದಿನಿ ಕಾಗದವನ್ನು ಇನ್ನೊಮ್ಮೆ ಓದಿದಳು. "ಇದನ್ನ ಇಟ್ಕೊಂಡು ಏನು ಮಾಡೋದು ಅತ್ತಿಗೆ? ಕಾರ್ಡಂತೂ ಅಲ್ಲ."

"ಬಜಾರಿನ ಗೇಟಿನ ಪಕ್ಕ ಬಟ್ಟೆ ಹಾಸಿ ಕೂರೋದು. ಕಾರ್ಡೆಲ್ಲಿ ಅಂದ್ರೆ ಇದನ್ನ ಓದಿಸೋದು. ಓಡಿಸಿದ್ರೆ ಅದನ್ನೂ ಬರೆದುಕೊಡಿ ಅನ್ನೋದು."

"ದಿನಾ?"

"ದಿನಾ."

ಬೆಳಗಿನಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಮನೆಯಲ್ಲಿ ಒಂದು ಚೀಲ ನೇರಳೆ ಕಲ್ಲು ಒಡೆಯದೆ ಬಿದ್ದಿತ್ತು. ಇನ್ನೇನು ಏಳಬೇಕು, ಹೋಟೆಲಿನ ಪಾತ್ರೆಯವಳು ಹೊರಗೆ ಬಂದಳು. ಕೈಯಲ್ಲಿ ಖಾಲಿ ಹಾಳೆ.

"ನಂಗೂ ಹಾಗೇ ಬರೆದುಕೊಡಿ ಅಂದೆ. ಬಾಯಲ್ಲಿ ಹೇಳಿದ್ರೆ ಆಗಲ್ವಂತೆ. ಅರ್ಜಿ ಬರ್ಕೊಂಡು ಬಾ ಅಂದ. ನಂಗೆ ಅಕ್ಷರ ಬರಲ್ಲ ತಾಯಿ. ನಿನ್ನ ನಾದಿನಿ ಬರೀತಾಳಾ?"

ಅವಳ ಹಿಂದೆ ಸುಣ್ಣದವನು ನಿಂತಿದ್ದ. ಇಟ್ಟಿಗೆಯವರು ನಿಂತಿದ್ದರು. ಅವರ ಹಿಂದೆಯೂ ಜನರಿದ್ದರು.

ನಾದಿನಿ ಅತ್ತಿಗೆಯ ಮುಖ ನೋಡಿದಳು. ಸಾಣಕ್ಕ ನಿಟ್ಟುಸಿರಿಟ್ಟು ಮತ್ತೆ ಮೆಟ್ಟಿಲ ಮೇಲೆ ಕೂತು, ಪಕ್ಕದ ಗೋಡೆಗೆ ತಲೆ ಆನಿಸಿದಳು.

"ಬರಿ" ಎಂದಳು. "ಯಾವ ಕೆಲಸ, ಎಷ್ಟು ವರ್ಷ, ಎರಡನ್ನೂ ಮೊದಲು ಬರಿ."